ದೊಡ್ಡಕ್ಕ ಹಿಡಿದ ಶೀಟಿನ ತುದಿ

ಆ ಲಾಂಡ್ರಿಯಲ್ಲಿ ದೊಡ್ಡಕ್ಕ ಯಾರು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಬಾಗಿಲಲ್ಲಿ ನಿಂತು ಒಳಗೆ ಕಣ್ಣು ಹಾಯಿಸಿದರೆ ಸಾಕಿತ್ತು. ಬಟ್ಟೆ ಮಡಿಸುವ ಉದ್ದನೆಯ ಮೇಜಿನ ಹತ್ತಿರ, ಹಬೆಯ ನಡುವೆ, ಬಾಗಿಲಷ್ಟೇ ಅಗಲದ ಬೆನ್ನೊಂದು ಕಾಣುತ್ತಿತ್ತು. ಅದೇ ದೊಡ್ಡಕ್ಕ. ವಯಸ್ಸಿನಲ್ಲಿ ದೊಡ್ಡವಳು, ಮೈಯಲ್ಲಿ ದೊಡ್ಡವಳು, ಮಾತಿನಲ್ಲಂತೂ ಕೇಳುವುದೇ ಬೇಡ. ರೋಲರ್ ಯಂತ್ರಗಳ ಗದ್ದಲದಲ್ಲಿ ಮೇಸ್ತ್ರಿ ಗಂಟಲು ಹರಿದುಕೊಂಡು ಕೂಗಿದರೂ ಯಾರಿಗೂ ಕೇಳಿಸುತ್ತಿರಲಿಲ್ಲ. ದೊಡ್ಡಕ್ಕ ನಿಂತಲ್ಲಿಂದಲೇ ಒಂದು ಮಾತು ಆಡಿದರೆ ಇಡೀ ಹಾಲ್ ನಗುತ್ತಿತ್ತು.

ಊರಿನ ಆಸ್ಪತ್ರೆಗಳ, ಹೋಟೆಲುಗಳ ಬಟ್ಟೆಯೆಲ್ಲ ಅಲ್ಲಿಗೇ ಬರುತ್ತಿತ್ತು. ಹಿಂದಿನ ಕೋಣೆಯಲ್ಲಿ ದೊಡ್ಡ ಡ್ರಮ್ಮುಗಳು ತಿರುಗುತ್ತ ತೊಳೆಯುತ್ತಿದ್ದವು. ನಡುವಿನ ಹಾಲಿನಲ್ಲಿ ಬಿಸಿ ರೋಲರುಗಳು ಒದ್ದೆ ಶೀಟುಗಳನ್ನು ಒಂದು ಕಡೆಯಿಂದ ನುಂಗಿ ಇನ್ನೊಂದು ಕಡೆಯಿಂದ ಚಪ್ಪಟೆಯಾಗಿ ಉಗುಳುತ್ತಿದ್ದವು. ಹಾಗೆ ಬಿಸಿಬಿಸಿಯಾಗಿ ಬಂದ ಶೀಟನ್ನು ಇಬ್ಬರು ಹೆಂಗಸರು ಎರಡು ತುದಿಯಲ್ಲಿ ಹಿಡಿಯಬೇಕು. ಒಮ್ಮೆ ಬಿಗಿಯಾಗಿ ಎಳೆದು, ಒಮ್ಮೆ ಕೊಡವಿ, ಮೂಲೆಗೆ ಮೂಲೆ ಸೇರಿಸಿ, ಒಬ್ಬರ ಕಡೆಗೊಬ್ಬರು ನಡೆದು ಬರಬೇಕು. ಎದುರುಬದುರಾದಾಗ ಒಬ್ಬಳು ತನ್ನ ತುದಿಯನ್ನು ಇನ್ನೊಬ್ಬಳ ಕೈಗೆ ಕೊಟ್ಟು, ಜೋತುಬಿದ್ದ ಮಡಿಕೆಯನ್ನು ಬಗ್ಗಿ ಎತ್ತಿಕೊಂಡು ಮತ್ತೆ ಹಿಂದಕ್ಕೆ ಸರಿಯಬೇಕು. ಹೇಳುವುದಕ್ಕೆ ಹಿಡಿದಷ್ಟು ಹೊತ್ತು ಮಾಡುವುದಕ್ಕೆ ಹಿಡಿಯುತ್ತಿರಲಿಲ್ಲ. ಆದರೆ ಇಬ್ಬರ ಕೈ ಕೂಡಬೇಕು. ಕೂಡದಿದ್ದರೆ ಶೀಟು ನೆಲಕ್ಕೆ ಬೀಳುತ್ತದೆ, ನೆಲಕ್ಕೆ ಬಿದ್ದದ್ದು ಮತ್ತೆ ಡ್ರಮ್ಮಿಗೆ ಹೋಗುತ್ತದೆ. ಅದಕ್ಕೇ ಕೈ ಕೂಡಿದ ಜೋಡಿಯನ್ನು ಆ ಲಾಂಡ್ರಿಯಲ್ಲಿ ಯಾರೂ ಮುರಿಯುತ್ತಿರಲಿಲ್ಲ.

ದೊಡ್ಡಕ್ಕನ ಜೋಡಿ ಅವಳ ಓರಗಿತ್ತಿ, ಮೈದುನನ ಹೆಂಡತಿ. ಒಂದೇ ಮನೆಯ ಕೆಳಗೆ ಇವಳ ಸಂಸಾರ, ಮೇಲೆ ಅವಳದ್ದು. ಮೈದುನ ಲಾರಿ ಓಡಿಸುವವನು, ತಿಂಗಳಲ್ಲಿ ಮನೆ ಸೇರುವುದೇ ಅಪರೂಪ. ಹೀಗಾಗಿ ಓರಗಿತ್ತಿಗೆ ಗಂಡನಿಗಿಂತ ದೊಡ್ಡಕ್ಕನ ಜೊತೆ ಕಳೆದ ಹೊತ್ತೇ ಹೆಚ್ಚು. ಮದುವೆಯಾಗಿ ಬಂದ ಹೊಸದರಲ್ಲಿ ಹುಡುಗಿ ಕಡ್ಡಿಯ ಹಾಗಿದ್ದಳು. ಬಾಯಿ ಬಿಟ್ಟರೆ ಅಳು. ದೊಡ್ಡಕ್ಕ ಅವಳನ್ನು ಕೈಹಿಡಿದು ಲಾಂಡ್ರಿಗೆ ಕರೆತಂದು, ಎದುರಿಗೆ ನಿಲ್ಲಿಸಿ, “ಅಳೋದಿದ್ರೆ ಅಳು, ಶೀಟು ಮಾತ್ರ ಬಿಡಬೇಡ” ಎಂದಿದ್ದಳಂತೆ. ಅವಳು ಅಂದಿನಿಂದ ಬಿಟ್ಟಿರಲಿಲ್ಲ. ಒಬ್ಬಳು ಕೆಮ್ಮಿದರೆ ಇನ್ನೊಬ್ಬಳ ಕೈ ತಾನಾಗಿ ಸಡಿಲವಾಗುವಷ್ಟು ಇಬ್ಬರ ಕೈ ಕೂಡಿಹೋಗಿತ್ತು.

ದೊಡ್ಡಕ್ಕನಿಗೆ ಸಕ್ಕರೆ ಕಾಯಿಲೆ ಇತ್ತು. ಬೆಳಿಗ್ಗೆ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು. ಬಟ್ಟೆಯ ಒತ್ತಡ ಹೆಚ್ಚಿದ ದಿನ ಹೊತ್ತಿಗೆ ಸರಿಯಾಗಿ ತಿನ್ನುವುದು ಮರೆತುಹೋಗುತ್ತಿತ್ತು. ಆಗ ರಕ್ತದಲ್ಲಿನ ಸಕ್ಕರೆ ಇಳಿದು ಮೈ ಬೆವರುತ್ತಿತ್ತು, ಕೈ ನಡುಗುತ್ತಿತ್ತು. ಅದು ಅವಳಿಗೆ ಗೊತ್ತಾಗುವ ಮೊದಲೇ ಓರಗಿತ್ತಿಗೆ ಗೊತ್ತಾಗುತ್ತಿತ್ತು. ಈ ತುದಿಯ ನಡುಕ ಬಿಗಿಯಾಗಿ ಎಳೆದ ಶೀಟಿನಗುಂಟ ಹರಿದು ಆ ತುದಿಯ ಬೆರಳಿಗೆ ಮುಟ್ಟುತ್ತಿತ್ತು. ಮುಟ್ಟಿತೋ ಇಲ್ಲವೋ, ಓರಗಿತ್ತಿ ಶೀಟು ಬಿಸಾಡಿ ಓಡಿಬಂದು ಅವಳ ಬಾಯಿಗೆ ಸಕ್ಕರೆ ಹಾಕುತ್ತಿದ್ದಳು. ಆ ಹಾಲಿನ ಪ್ರತಿಯೊಬ್ಬ ಹೆಂಗಸಿನ ಏಪ್ರನ್ ಜೇಬಿನಲ್ಲೂ ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ ಸಕ್ಕರೆ ಇರುತ್ತಿತ್ತು. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ದೊಡ್ಡಕ್ಕನ ಸಲುವಾಗಿ ಬೆಳೆದುಬಂದ ರೂಢಿ.

ಇನ್ನೊಂದು ಸಂಗತಿಯನ್ನೂ ಅವರು ಕಲಿತಿದ್ದರು. ಸಕ್ಕರೆ ತೀರಾ ಇಳಿದಾಗ ಮನುಷ್ಯರಿಗೆ ತಲೆ ನೆಟ್ಟಗಿರುವುದಿಲ್ಲ. ಒಮ್ಮೆ ದೊಡ್ಡಕ್ಕ ಹಲ್ಲು ಕಚ್ಚಿಕೊಂಡು, ಬೇಡ ಬೇಡ ಎಂದು ತಲೆ ಆಡಿಸಿ, ಮುಂದೆ ಬಂದವರ ಕೈಯನ್ನೆಲ್ಲ ತಳ್ಳಿಬಿಟ್ಟಿದ್ದಳು. ಸರಿ, ಬೇಡವಂತೆ ಎಂದು ಹೆಂಗಸರು ಹಿಂದೆ ಸರಿದರು. ಅಷ್ಟರಲ್ಲಿ ಅವಳು ಮೇಜಿನ ಕೆಳಗೆ ಉರುಳಿದ್ದಳು. ಆಸ್ಪತ್ರೆಯಲ್ಲಿ ವೈದ್ಯರು ಬೈದು ಕಳಿಸಿದರು: ಇನ್ನೊಂದು ಚೂರು ತಡವಾಗಿದ್ದರೆ ಹೋಗಿಬಿಡುತ್ತಿದ್ದಳು, ಅವಳ ಮಾತು ಕೇಳಿಕೊಂಡು ಕೂರಬೇಡಿ, ನುಂಗುವ ಸ್ಥಿತಿಯಲ್ಲಿದ್ದರೆ ಮೊದಲು ಬಾಯಿಗೆ ಸಕ್ಕರೆ ಹಾಕಿ. ಓರಗಿತ್ತಿ ಈ ಮಾತನ್ನು ಎದೆಯೊಳಗೆ ಬರೆದಿಟ್ಟುಕೊಂಡಳು. ಅಲ್ಲಿಂದ ಮುಂದೆ ದೊಡ್ಡಕ್ಕ ನಡುಗುತ್ತ ಬೇಡ ಎಂದರೆ ಅದು ಸಕ್ಕರೆ ಇಳಿದಿರುವುದಕ್ಕೆ ಇನ್ನೊಂದು ಗುರುತು ಎಂದೇ ಎಲ್ಲರೂ ತಿಳಿದರು. ಹಾಗೆ ತಿಳಿದದ್ದರಿಂದ ಎಷ್ಟೋ ಸಲ ಅವಳು ಬದುಕಿದಳು ಎನ್ನುವುದೂ ನಿಜ.

ಹೀಗಿರುವಾಗ ದೊಡ್ಡಕ್ಕನ ಮೊಣಕಾಲು ಕೈಕೊಟ್ಟವು. ನಿಂತು ಮಾಡುವ ಕೆಲಸ, ಬಗ್ಗಿ ಏಳುವ ಕೆಲಸ. ಬಗ್ಗಿದರೆ ಏಳಲಾಗದು, ಎದ್ದರೆ ಉಸಿರು ಸಿಗದು. ಮೇಸ್ತ್ರಿ ಒಂದೆರಡು ಸಲ ಹತ್ತಿರ ಬಂದು, ಮೂಟೆ ಕಿಟಕಿಯಲ್ಲಿ ಒಬ್ಬರು ಬೇಕಾಗಿದ್ದಾರೆ, ಅಲ್ಲಿ ಕುರ್ಚಿ ಇದೆ, ಎಂದು ಮೆಲ್ಲಗೆ ಹೇಳಿಹೋದ. ಮೂಟೆ ಕಿಟಕಿ ಎಂದರೆ ಕೊಳೆ ಬಟ್ಟೆ ಬಂದು ಬೀಳುವ ಜಾಗ. ಆಸ್ಪತ್ರೆಯ ಮೂಟೆ ಬಿಚ್ಚಿ, ಶೀಟು ಬೇರೆ, ದಿಂಬಿನ ಚೀಲ ಬೇರೆ, ರಕ್ತದ್ದು ಬೇರೆ ಎಂದು ವಿಂಗಡಿಸಬೇಕು. ಕಟ್ಟಡದ ಆ ತುದಿಗೆ ಒಂಟಿ ಕೋಣೆ. ಅಲ್ಲಿ ಕುಳಿತವರ ಹತ್ತಿರ ಮಾತಾಡಲು ಯಾರೂ ಬರುವುದಿಲ್ಲ, ವಾಸನೆಯೇ ಬಿಡುವುದಿಲ್ಲ. ದೊಡ್ಡಕ್ಕ ಮೇಸ್ತ್ರಿಯನ್ನು ನಗೆಯಾಡಿ ಕಳಿಸಿದಳು. ಆದರೆ ಮನೆಗೆ ಬಂದು ಗಂಡನ ಮುಂದೆ ಕೂತು ಅತ್ತಳು. ತಂಗಿಯ ಎದುರಿನ ಜಾಗ ಬಿಟ್ಟು ಎಲ್ಲಿಗೂ ಹೋಗಲಾರೆ ಎಂದಳು. ಓರಗಿತ್ತಿಯನ್ನು ಅವಳು ಕರೆಯುತ್ತಿದ್ದದ್ದು ತಂಗಿ ಎಂದೇ.

ಹೊಟ್ಟೆಯ ಆಪರೇಷನ್ನಿನ ಮಾತು ಹುಟ್ಟಿದ್ದು ಅಲ್ಲಿಂದ. ತೂಕ ಇಳಿದರೆ ಮೊಣಕಾಲಿಗೂ ಒಳ್ಳೆಯದು, ಸಕ್ಕರೆಗೂ ಒಳ್ಳೆಯದು, ಬೇರೆ ದಾರಿಯೆಲ್ಲ ನೋಡಿಯಾಯಿತು ಎಂದರು ವೈದ್ಯರು. ಹೊಟ್ಟೆಯನ್ನು ಒಂದು ಮೊಟ್ಟೆಯಷ್ಟು ಉಳಿಸಿ ಉಳಿದದ್ದನ್ನು ಬೇರೆ ಮಾಡುತ್ತಾರೆ, ಕರುಳನ್ನು ಕೆಳಗಿನಿಂದ ಎತ್ತಿ ಅದಕ್ಕೆ ಜೋಡಿಸುತ್ತಾರೆ, ತಿಂದದ್ದು ಸುತ್ತಿ ಬರದೆ ಅಡ್ಡದಾರಿಯಲ್ಲಿ ಹೋಗುತ್ತದೆ. ದೊಡ್ಡಕ್ಕನ ಗಂಡ ಬಸ್ ಡಿಪೋದಲ್ಲಿ ಟೈರ್ ಬಿಚ್ಚಿ ಹಾಕುವವನು. ಅವನು ಇದನ್ನೆಲ್ಲ ಕೇಳಿ ತಲೆ ಕೆರೆದುಕೊಂಡು, “ಅಂದ್ರೆ ಡಾಕ್ಟ್ರೇ, ಟ್ಯೂಬ್ ಚಿಕ್ಕದು ಮಾಡಿ ಟೈರ್ ಹಾಗೇ ಬಿಡ್ತೀರ” ಎಂದ. ವೈದ್ಯರು ನಕ್ಕರು, ದೊಡ್ಡಕ್ಕನೂ ನಕ್ಕಳು. ನಗುನಗುತ್ತಲೇ ಒಳಗೆ ಹೋದಳು.

ಹೊರಗೆ ಬಂದಮೇಲೆ ನಗು ಕಡಿಮೆಯಾಯಿತು. ಮೊದಮೊದಲು ನೀರೂ ಗುಟುಕು ಗುಟುಕಾಗಿ. ಆಮೇಲೆ ಬೇಳೆ ಬೇಯಿಸಿದ ತಿಳಿನೀರು, ಸೋಸಿದ ಸೂಪು. ಆಮೇಲೆ ಮಗುವಿಗೆ ಕೊಡುವ ಹಾಗೆ ನುರಿದ ತರಕಾರಿ, ಬೆಂದ ಮೊಟ್ಟೆಯ ಅರ್ಧ. ತಿನ್ನುವಾಗ ನೀರು ಕುಡಿಯುವಂತಿಲ್ಲ, ಕುಡಿಯುವಾಗ ತಿನ್ನುವಂತಿಲ್ಲ. ಒಂದೊಂದು ಚಮಚವನ್ನೂ ಬಾಯಲ್ಲೇ ಹಿಟ್ಟಾಗುವವರೆಗೆ ಅಗಿಯಬೇಕು. ಒಂದು ಕಾಳು ಹಾಗೇ ಇಳಿಯಿತೋ, ಎದೆಯ ನಡುವೆ ಕಲ್ಲು ಸಿಕ್ಕಿಕೊಂಡಂತೆ ನಿಲ್ಲುತ್ತಿತ್ತು. ಬಾಯಿತುಂಬ ನೊರೆ. ಬಚ್ಚಲಿಗೆ ಹೋಗಿ ಗೋಡೆ ಹಿಡಿದು ನಿಂತರೆ ಅದು ಮೇಲೆ ಬರುವವರೆಗೂ ಬಿಡುಗಡೆಯಿಲ್ಲ.

ಗಂಡ ಒಳ್ಳೆಯವನು. ಒಳ್ಳೆಯವನಾಗಿದ್ದೇ ಕಷ್ಟವಾಯಿತು. ಡಿಪೋದಿಂದ ಬಂದು ಕೈಯ ಮಸಿ ತೊಳೆದು, ತಾನೇ ತರಕಾರಿ ಬೇಯಿಸಿ, ನುರಿದು, ಸೋಸಿ, ಪುಟ್ಟ ಬಟ್ಟಲಿಗೆ ಹಾಕಿ ಮುಂದಿಡುತ್ತಿದ್ದ. ಅವಳು ಮೂರು ಚಮಚ ತಿಂದು ಬಟ್ಟಲು ಸರಿಸಿದರೆ ಅವನ ಮುಖ ಬಾಡುತ್ತಿತ್ತು. ಇನ್ನೊಂದೇ ಒಂದು, ನನಗೋಸ್ಕರ, ಎನ್ನುತ್ತಿದ್ದ. ಅವನ ಮುಖ ನೋಡಲಾರದೆ ಆ ಒಂದನ್ನು ತಿಂದರೆ ಅದೇ ಹೋಗಿ ಸಿಕ್ಕಿಕೊಳ್ಳುತ್ತಿತ್ತು. ಆಮೇಲೆ ಅವನೇ ಅವಳ ಬೆನ್ನು ನೀವುತ್ತ ಬಚ್ಚಲಲ್ಲಿ ನಿಲ್ಲುತ್ತಿದ್ದ, ತನ್ನದೇ ತಪ್ಪು ಎನ್ನುವವನ ಹಾಗೆ. ಅವಳ ಎದುರಿಗೆ ತಟ್ಟೆತುಂಬ ಉಣ್ಣಲು ಅವನಿಗೆ ನಾಚಿಕೆ. ತಟ್ಟೆ ತೆಗೆದುಕೊಂಡು ಮೆಟ್ಟಿಲ ಮೇಲೆ ಕೂತು, ಶಬ್ದವಾಗದ ಹಾಗೆ ಉಣ್ಣತೊಡಗಿದ. ಅವಳಿಗೆ ಒಳಗಿನಿಂದ ಆ ಬೆನ್ನು ಕಾಣುತ್ತಿತ್ತು. ಇಲ್ಲೇ ಬಂದು ಉಣ್ಣಿ, ನನಗೇನೂ ಅನಿಸುವುದಿಲ್ಲ ಎಂದು ಕರೆಯುತ್ತಿದ್ದಳು. ಅನಿಸುತ್ತಿತ್ತು. ಹೊಟ್ಟೆ ತುಂಬಿದ್ದರೂ ಹಸಿವು ಇನ್ನೆಲ್ಲೋ, ನಾಲಿಗೆಯ ಬುಡದಲ್ಲಿ, ನೆನಪಿನಲ್ಲಿ ಕೂತಿರುತ್ತಿತ್ತು. ಅದಕ್ಕೆ ಯಾವ ಆಪರೇಷನ್ನೂ ಆಗಿರಲಿಲ್ಲ.

ಮೈ ಇಳಿಯಿತು. ಬಾಗಿಲಗಲದ ಬೆನ್ನು ಕಿಟಕಿಯಗಲಕ್ಕೆ ಬಂತು. ಚರ್ಮ ಜೋತುಬಿತ್ತು, ಟೈರ್ ಹಾಗೇ ಉಳಿಯುತ್ತೆ ಅಂದಿರಲಿಲ್ವಾ ಎಂದು ಗಂಡನನ್ನು ಅವಳೇ ಕೆಣಕಿದಳು. ತಲೆಗೂದಲು ಬಾಚಣಿಗೆಯಲ್ಲಿ ಉಂಡೆಉಂಡೆಯಾಗಿ ಬರುತ್ತಿತ್ತು. ಸದಾ ಬೆವರುತ್ತಿದ್ದವಳಿಗೆ ಈಗ ಬಿಸಿಲಲ್ಲೂ ಚಳಿ. ಮೂಗು ನಾಯಿಯ ಮೂಗಾಗಿತ್ತು. ಪಕ್ಕದ ಮನೆಯಲ್ಲಿ ಈರುಳ್ಳಿ ಹುರಿದರೆ ಇಲ್ಲಿ ಹೊಟ್ಟೆ ತೊಳೆಸುತ್ತಿತ್ತು. ಆದರೆ ಮೊಣಕಾಲು ಹಗುರಾದವು. ಇನ್ಸುಲಿನ್ ಚುಚ್ಚುವುದನ್ನು ವೈದ್ಯರು ಪೂರ್ತಿ ನಿಲ್ಲಿಸಿದರು. ಮನೆಯ ಮೆಟ್ಟಿಲು ಹತ್ತಿ ಮೊದಲ ಸಲ ಓರಗಿತ್ತಿಯ ಬಾಗಿಲು ತಟ್ಟಿದ ದಿನ, ಅವಳು ಬಾಗಿಲು ತೆಗೆದು, ಅಕ್ಕನನ್ನು ಕಂಡು, ಕೆಳಗೆ ಯಾರಿಗೋ ಏನೋ ಆಗಿದೆ ಎಂದು ಗಾಬರಿಯಾದಳಂತೆ. ಅಷ್ಟು ವರ್ಷದಲ್ಲಿ ದೊಡ್ಡಕ್ಕ ಮೇಲೆ ಬಂದದ್ದೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಆಹಾರದ ವಿಷಯ ಹೇಳಿಕೊಡುವ ಒಬ್ಬ ಹೆಂಗಸಿದ್ದರು. ಎಲ್ಲರೂ ಅವರನ್ನು ಊಟದ ಮೇಡಂ ಎನ್ನುತ್ತಿದ್ದರು. ಅವರು ದೊಡ್ಡಕ್ಕನಿಗೂ ಗಂಡನಿಗೂ ಬಿಡಿಸಿ ಹೇಳಿದ್ದರು: ಇನ್ನು ಸಿಹಿ ಮುಟ್ಟುವಂತಿಲ್ಲ. ಸಿಹಿ ಈಗ ಹೊಟ್ಟೆಯಲ್ಲಿ ನಿಲ್ಲದೆ ನೇರ ಕರುಳಿಗೆ ಸುರಿಯುತ್ತದೆ. ಸುರಿದರೆ ಎದೆ ಡವಗುಟ್ಟುತ್ತದೆ, ಬೆವರುತ್ತದೆ, ನಡುಗುತ್ತದೆ, ತಲೆ ಸುತ್ತುತ್ತದೆ. ಆಗ ಏನೂ ಕೊಡದೆ ಸುಮ್ಮನೆ ಮಲಗಿಸಬೇಕು. ದೊಡ್ಡಕ್ಕ ಮನೆಗೆ ಬಂದು ಓರಗಿತ್ತಿಗೂ ಹೇಳಿದಳು, ನನಗೆ ಇನ್ನು ಸಕ್ಕರೆ ಆಗೋದಿಲ್ಲ ಕಣೆ, ಎಂದು. ಓರಗಿತ್ತಿ ತಲೆಯಾಡಿಸಿದಳು. ಅವಳಿಗೆ ಇದರಲ್ಲಿ ಹೊಸದೇನು ಕಂಡೀತು? ಅಕ್ಕನಿಗೆ ಸಕ್ಕರೆ ಯಾವತ್ತೂ ಆಗುತ್ತಿರಲಿಲ್ಲ. ನಡುಗಿದಾಗ ಕೊಡುವುದೊಂದನ್ನು ಬಿಟ್ಟು. ಆ ಒಂದರ ಮಾತನ್ನು ದೊಡ್ಡಕ್ಕ ಎತ್ತಲಿಲ್ಲ, ಓರಗಿತ್ತಿ ಕೇಳಲಿಲ್ಲ. ಅದು ಅವರಿಬ್ಬರ ನಡುವೆ ಉಸಿರಾಟದಷ್ಟು ಸಹಜವಾಗಿತ್ತು. ಉಸಿರಾಟದ ಬಗ್ಗೆ ಯಾರು ಮಾತಾಡುತ್ತಾರೆ?

ರಜೆ ಮುಗಿಯುತ್ತ ಬಂದಂತೆ ಮೇಸ್ತ್ರಿ ಮನೆಗೆ ಬಂದ. ಅವಳನ್ನು ನೋಡಿ ಗುರುತು ಹಿಡಿಯಲು ಸ್ವಲ್ಪ ಹೊತ್ತು ತೆಗೆದುಕೊಂಡ. ಓರಗಿತ್ತಿಯ ಎದುರಿಗೆ ಅಲ್ಲಿಯವರೆಗೆ ಒಬ್ಬಳು ಹೊಸ ಹೆಂಗಸನ್ನು ನಿಲ್ಲಿಸಿದ್ದಾರಂತೆ. ದೊಡ್ಡಕ್ಕ ನಿಂತು ಕೆಲಸ ಮಾಡುತ್ತೇನೆ ಎಂದರೆ ಜಾಗ ಅವಳದೇ, ಆಗದಿದ್ದರೆ ಹೊಸಬಳನ್ನೇ ಕಾಯಂ ಮಾಡಿ ಇವಳಿಗೆ ಮೂಟೆ ಕಿಟಕಿ. “ನೀವು ಬರ್ತೀರ ಅಂದ್ರೆ ಬಾಯಿಮುಚ್ಚಿ ಜಾಗ ಕೊಡ್ತೀನಿ ದೊಡ್ಡಕ್ಕ, ನನಗೂ ನೀವಿಲ್ಲದೆ ಹಾಲ್ ಬೋಳುಬೋಳು” ಎಂದ ಮೇಸ್ತ್ರಿ. ದೊಡ್ಡಕ್ಕ ಅಲ್ಲೇ ಎದ್ದುನಿಂತು, ಬಗ್ಗಿ, ನೆಲ ಮುಟ್ಟಿ, ಏನನ್ನೂ ಹಿಡಿದುಕೊಳ್ಳದೆ ಎದ್ದು ತೋರಿಸಿದಳು. ಗಂಡ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡ.

ಅವಳು ಕೆಲಸಕ್ಕೆ ಹೋದ ದಿನ ಇಡೀ ಹಾಲ್ ಅವಳನ್ನು ಸುತ್ತುವರಿಯಿತು. ಮುಟ್ಟಿ ನೋಡುವವರು, ತಿರುಗಿಸಿ ನೋಡುವವರು. ಅರ್ಧ ದೊಡ್ಡಕ್ಕ ಎಲ್ಲಿ ಬಿಟ್ಟುಬಂದೆ ಎಂದು ಕೇಳಿದಳೊಬ್ಬಳು. ಸಿಕ್ಕಿದರೆ ನೀನೇ ಇಟ್ಟುಕೋ, ನಿನ್ನ ಗಂಡನಿಗೆ ಹಿಡಿದುಕೊಳ್ಳಲು ಏನಾದರೂ ಇರಲಿ ಎಂದಳು ದೊಡ್ಡಕ್ಕ. ನಗುವೋ ನಗು. ಕೆಲಸ ಶುರುವಾಯಿತು. ರೋಲರಿನಿಂದ ಶೀಟು ಬಂತು. ಅಕ್ಕ ಈ ತುದಿ, ತಂಗಿ ಆ ತುದಿ. ಎಳೆದರು, ಕೊಡವಿದರು, ನಡೆದು ಬಂದರು. ಬಿಟ್ಟುಹೋದದ್ದು ನಿನ್ನೆಯೋ ಎಂಬಂತೆ ಕೈ ಕೂಡಿದವು. ಬಗ್ಗಿ ಮಡಿಕೆ ಎತ್ತಿಕೊಳ್ಳುವ ಕೆಲಸ ಮೊಣಕಾಲು ಕೈಕೊಟ್ಟಮೇಲೆ ತಂಗಿಯದಾಗಿತ್ತು. ಇಂದು ಅಕ್ಕ ತಾನೇ ಬಗ್ಗಿದಳು. ತಂಗಿ ತುಟಿ ಕಚ್ಚಿಕೊಂಡು ನಕ್ಕಳು.

ಬಿಡುವಿನಲ್ಲಿ ಹೆಂಗಸರು ಚಹಾ ತಂದರು. ಓರಗಿತ್ತಿ ಆಗ ಹಿಂದಿನ ಕೋಣೆಗೆ ಗಾಡಿ ತಳ್ಳಿಕೊಂಡು ಹೋಗಿದ್ದಳು. ದೊಡ್ಡಕ್ಕ ಆಗದು ಎಂದಳು. ನೀನು ಬಂದದ್ದಕ್ಕೇ ಮಾಡಿಸಿದ್ದು, ಒಂದು ಗುಟುಕು ಕುಡಿ, ಸಕ್ಕರೆ ಕಮ್ಮಿಯೇ ಇದೆ ಎಂದರು. ಮುಖಕ್ಕೆ ಹೊಡೆದಂತೆ ಹೇಗೆ ಬೇಡವೆನ್ನುವುದು? ಒಂದು ಗುಟುಕು ಬಾಯಿಗಿಟ್ಟಳು. ಹಾಲು ಹಾಕಿ ಕುದಿಸಿದ, ಗಟ್ಟಿಯಾದ, ಸಿಹಿ ಚಹಾ. ಎಷ್ಟೋ ತಿಂಗಳಿಂದ ಬೇಳೆ ನೀರು, ಉಪ್ಪಿಲ್ಲದ ಮೊಟ್ಟೆ ಕಂಡ ನಾಲಿಗೆ ಅದು. ಲೋಟವನ್ನು ಕೆಳಗಿಡು ಎಂದು ಅವಳು ಕೈಗೆ ಹೇಳಿದಳು; ಕೈ ಕೇಳಲಿಲ್ಲ. ಓರಗಿತ್ತಿ ಬರುವುದು ಕಂಡಾಗ ಅರ್ಧ ಖಾಲಿಯಾದ ಲೋಟವನ್ನು ಮೇಜಿನ ಕೆಳಗೆ ಸರಿಸಿ ಬಾಯಿ ಒರೆಸಿಕೊಂಡಳು. ಇಷ್ಟರಿಂದ ಏನಾಗುತ್ತದೆ ಎಂದುಕೊಂಡಳು.

ಮತ್ತೆ ಶೀಟು ಹಿಡಿದು ಸ್ವಲ್ಪ ಹೊತ್ತಾಗಿರಬೇಕು. ಹೊಟ್ಟೆಯೊಳಗೆ ಯಾರೋ ಬಟ್ಟೆ ಹಿಂಡಿದ ಹಾಗಾಯಿತು. ಎದೆ ಓಡತೊಡಗಿತು. ಹಣೆಯಿಂದ ತಣ್ಣನೆಯ ಬೆವರು ಇಳಿದು ಕಣ್ಣಿಗೆ ಬಂತು. ಊಟದ ಮೇಡಂ ಹೇಳಿದ್ದು ಇದೇ ಎಂದು ಅವಳಿಗೆ ಆ ಕ್ಷಣವೇ ಗೊತ್ತಾಯಿತು. ಮಲಗಬೇಕು, ಅಷ್ಟೇ, ಸುಮ್ಮನೆ ಮಲಗಬೇಕು. ಹೇಳೋಣವೆಂದು ತಲೆಯೆತ್ತಿದಳು. ಅಷ್ಟರಲ್ಲಿ ಆ ತುದಿಯ ಬೆರಳಿಗೆ ನಡುಕ ಮುಟ್ಟಿಯಾಗಿತ್ತು.

ಓರಗಿತ್ತಿ ಶೀಟು ಬಿಸಾಡಿ ಓಡಿಬಂದಳು. ಅಕ್ಕನಿಗೆ ಶುಗರ್ ಇಳಿದಿದೆ ಎಂದು ಕೂಗಿದ್ದು ಇಡೀ ಹಾಲ್‌ಗೆ ಕೇಳಿಸಿತು. ಅಲ್ಲಿಂದ ಮುಂದೆ ಎಲ್ಲ ರೂಢಿಯ ಪ್ರಕಾರವೇ ನಡೆಯಿತು. ಒಬ್ಬಳು ಹಿಂದಿನಿಂದ ಹಿಡಿದು ಕೂರಿಸಿದಳು. ಒಬ್ಬಳು ಲೋಟಕ್ಕೆ ನೀರು ತಂದಳು. ಐದಾರು ಜೇಬುಗಳಿಂದ ಐದಾರು ಪೊಟ್ಟಣ ಹೊರಬಂದವು.

“ಬೇಡ,” ಎಂದಳು ದೊಡ್ಡಕ್ಕ. “ಬೇಡ ತಂಗಿ, ಸಕ್ಕರೆ ಬೇಡ.”

“ಬೇಡ ಅಂತಿದಾಳೆ, ತುಂಬಾ ಇಳಿದಿದೆ, ಬೇಗ ಬೇಗ,” ಎಂದಳು ಓರಗಿತ್ತಿ. ಬಾಯಿಗೆ ಸಕ್ಕರೆ ಬಿತ್ತು.

ಅವಳು ಉಗುಳಿದಳು.  ಹಿಂದಿನ ಸಲದ ಹಾಗೇ ಕೈಯಿಂದ ತಳ್ಳಿದಳು. ತಳ್ಳಿದ ಕೈಗಳನ್ನು ಇಬ್ಬರು ಹಿಡಿದುಕೊಂಡರು. ತಾನು ಕುಡಿದ ಚಹಾದ ಮಾತು ಹೇಳಲು ಬಾಯಿ ತೆರೆದಳು. ತೆರೆದ ಬಾಯಿಗೆ ಸಕ್ಕರೆ ನೀರಿನ ಲೋಟ ಬಂತು. ನುಂಗದಿದ್ದರೆ ಉಸಿರಿಲ್ಲ. ನುಂಗಿದಳು. ಓರಗಿತ್ತಿಯ ಮುಖ ಅವಳ ಮುಖಕ್ಕೆ ತೀರ ಹತ್ತಿರವಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡು, ಮಗುವಿಗೆ ಔಷಧಿ ಕುಡಿಸುವ ತಾಯಿಯ ಹಾಗೆ, ಇಷ್ಟೇ ಅಕ್ಕ, ಇನ್ನು ಸ್ವಲ್ಪ, ನನ್ನ ಬಂಗಾರ, ನುಂಗು ಎನ್ನುತ್ತಿದ್ದಳು. ಜಗತ್ತಿನಲ್ಲಿ ತನ್ನನ್ನು ಅಷ್ಟು ಪ್ರೀತಿಸುವವರು ಯಾರೂ ಇರಲಿಲ್ಲ ಎಂಬುದು ದೊಡ್ಡಕ್ಕನಿಗೆ ಗೊತ್ತಿತ್ತು. ತಡೆಯಲು ಬಾಯಿಯೊಂದನ್ನು ಬಿಟ್ಟು ಅವಳ ಹತ್ತಿರ ಬೇರೆ ಏನಿತ್ತು? ಆ ಬಾಯಿಯ ಮಾತನ್ನು ನಂಬಬಾರದು ಎಂದು ಕಲಿಸಿದ್ದವಳೂ ತಾನೇ. ಎದೆ ಇನ್ನೂ ಜೋರಾಗಿ ಓಡಿತು, ಹೊಟ್ಟೆ ತಿರುಚಿತು, ರೋಲರಿನ ಸದ್ದು ದೂರದೂರ ಹೋಯಿತು. ಇನ್ನಷ್ಟು ಹಾಕಿ ಎಂದು ಯಾರೋ ಹೇಳಿದ್ದೇ ಕೊನೆ.

ಆಸ್ಪತ್ರೆಯಲ್ಲಿ ಕಣ್ಣುಬಿಟ್ಟಾಗ ಕೈಗೆ ಡ್ರಿಪ್ ಏರಿಸಿದ್ದರು. ಒಳಗಿನ ಹೊಲಿಗೆಗೆ ಏನೂ ಆಗಿಲ್ಲ ಎಂದರು ವೈದ್ಯರು. ರಕ್ತದೊತ್ತಡ ಕುಸಿದು ತಲೆ ತಿರುಗಿತ್ತು, ಈಗ ಸರಿಯಾಗಿದೆ. ಊಟದ ಮೇಡಂ ಓರಗಿತ್ತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೈಯದೆ, ಸಮಾಧಾನವಾಗಿ ತಿಳಿಸಿದರು. ಓರಗಿತ್ತಿ ಎಲ್ಲವನ್ನೂ ಕೇಳಿಕೊಂಡಳು. ಕೊನೆಗೆ ಒಂದೇ ಪ್ರಶ್ನೆ ಕೇಳಿದಳು.

“ಹಾಗಾದ್ರೆ ಮೇಡಂ, ಇನ್ನು ಅಕ್ಕ ನಡುಗಿದ್ರೆ ಯಾವತ್ತೂ ಸಕ್ಕರೆ ಕೊಡಬಾರದು, ಅಲ್ವಾ?”

 ಹಾಗೂ ಹೇಳುವಂತಿಲ್ಲ ಎಂದರು ಮೇಡಂ. ಈ ಆಪರೇಷನ್ ಆದ ಕೆಲವರಿಗೆ ತಿಂದು ಒಂದೆರಡು ಗಂಟೆಯಾದಮೇಲೆ ನಿಜವಾಗಿಯೂ ಸಕ್ಕರೆ ಇಳಿಯುತ್ತದೆ. ಆಗ ಕೊಡಬೇಕಾಗಬಹುದು. ಎರಡರಲ್ಲೂ ನಡುಕ ಒಂದೇ, ಬೆವರು ಒಂದೇ, ನೋಡಿ ಹೇಳಲಾಗದು. ಬೆರಳು ಚುಚ್ಚಿ ಮೀಟರಿನಲ್ಲಿ ನೋಡಿಯೇ ನಿರ್ಧರಿಸಬೇಕು. ಓರಗಿತ್ತಿ ತನ್ನ ಎರಡೂ ಅಂಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅವನ್ನೇ ನೋಡುತ್ತ ಕೂತಳು. ಅಕ್ಕನ ಸಕ್ಕರೆ ಇಳಿದದ್ದನ್ನು ಅಷ್ಟು ವರ್ಷ ತಪ್ಪದೆ ಹೇಳಿದ ಕೈಗಳು ಅವು.

ಮನೆಗೆ ಬಂದಮೇಲೆ ದೊಡ್ಡಕ್ಕ ಎಷ್ಟು ಹೇಳಿದರೂ ಓರಗಿತ್ತಿಗೆ ಸಮಾಧಾನವಾಗಲಿಲ್ಲ. ಚಹಾ ಕುಡಿದದ್ದು ನಾನು, ತಪ್ಪು ನನ್ನದು ಎಂದು ದೊಡ್ಡಕ್ಕ ಹೇಳಿದರೆ, ಸಕ್ಕರೆ ನೀರು ಕುಡಿಸಿದ್ದು ನಾನು ಎನ್ನುತ್ತಿದ್ದಳು ಇವಳು. ಭಾವನ ಮುಖ ನೋಡಲು ಹೆದರಿ ಅವನು ಡಿಪೋಗೆ ಹೋದಮೇಲೆಯೇ ಕೆಳಗೆ ಬರುತ್ತಿದ್ದಳು. ಅವನು ಒಂದು ಸಲ ದಾರಿಗಡ್ಡ ನಿಂತು, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ ತಾಯಿ ಎಂದ. ಅದಕ್ಕೂ ಅತ್ತಳು.

ದೊಡ್ಡಕ್ಕ ಚೇತರಿಸಿಕೊಂಡು ಮತ್ತೆ ಲಾಂಡ್ರಿಗೆ ಹೋದಳು. ಮೀಟರು ಜೇಬಿನಲ್ಲಿತ್ತು. ಚಹಾದ ಹತ್ತಿರ ಹೋಗಲಿಲ್ಲ. ಬೇಯಿಸಿ ನುರಿದದ್ದನ್ನು ಡಬ್ಬಿಯಲ್ಲಿ ತಂದಿದ್ದಳು. ಮೊದಲ ಶೀಟು ಬಂತು. ಹಿಡಿದರು, ಎಳೆದರು. ಓರಗಿತ್ತಿಯ ಕಣ್ಣು ಶೀಟಿನ ಮೂಲೆಯ ಮೇಲಿರಲಿಲ್ಲ, ಅಕ್ಕನ ಹಣೆಯ ಮೇಲಿತ್ತು. ಮೂಲೆ ಮೂಲೆಗೆ ಸೇರಲಿಲ್ಲ. ಬಿಚ್ಚಿ ಮತ್ತೆ ಮಡಿಸಿದರು. ಹೇಗಿದ್ದೀಯ ಅಕ್ಕ ಎಂದಳು. ಚೆನ್ನಾಗಿದ್ದೀನಿ ಎಂದಳು ದೊಡ್ಡಕ್ಕ. ಎರಡನೆಯದು ಬಂತು. ಹೇಗಿದ್ದೀಯ? ರೋಲರಿನ ಅದುರು ಶೀಟಿಗೆ ತಾಗಿ ಚೂರು ಅಲುಗಿದರೂ ಓರಗಿತ್ತಿ ಹೌಹಾರಿ ನಿಲ್ಲುತ್ತಿದ್ದಳು. ಓಡಿ ಬರಬೇಕೋ ನಿಲ್ಲಬೇಕೋ ತಿಳಿಯದೆ ಒಂದು ಕಾಲು ಮುಂದಿಟ್ಟು ಹಿಂದಕ್ಕೆಳೆದುಕೊಳ್ಳುತ್ತಿದ್ದಳು. ಬಿಗಿ ಹಿಡಿದರೆ ನಡುಕ ಬಂದು ಮುಟ್ಟೀತೆಂದು ಅವಳ ಕೈ ತಾನಾಗಿ ಸಡಿಲಬಿಡತೊಡಗಿತು. ಶೀಟು ನೆಲಕ್ಕೆ ಬಿತ್ತು. ಎತ್ತಿ ಡ್ರಮ್ಮಿಗೆ ಕಳಿಸಿದರು. ಇನ್ನೊಂದು ಬಿತ್ತು. ಪಕ್ಕದ ಮೇಜುಗಳಲ್ಲಿ ಮಾತು ನಿಂತಿತ್ತು. ರೋಲರಿನ ಬಾಯಲ್ಲಿ ಶೀಟುಗಳು ಒಂದರ ಮೇಲೊಂದು ಬಂದು ಗುಡ್ಡೆಯಾದವು. ಮೇಸ್ತ್ರಿ ದೂರದಿಂದ ನೋಡಿದ, ಏನೂ ಕೂಗದೆ ಬೇರೆ ಕಡೆ ಹೋದ. ಕೂಗಿದ್ದರೆ ಚೆನ್ನಾಗಿತ್ತು.

ಹಾಗೇ ಕೆಲವು ದಿನ ನಡೆಯಿತು. ದಿನದಿನಕ್ಕೆ ಸರಿಹೋದೀತು ಎಂದು ದೊಡ್ಡಕ್ಕ ಕಾದಳು. ಓರಗಿತ್ತಿ ಊಟ ಬಿಟ್ಟಳು, ಸೊರಗಿದಳು. ಕೆಲಸ ಮುಗಿಯುವ ಹೊತ್ತಿಗೆ ಅವಳ ಭುಜಗಳು ಕಿವಿಯವರೆಗೆ ಏರಿ ಹಾಗೇ ನಿಂತಿರುತ್ತಿದ್ದವು.

ಒಂದು ಮಧ್ಯಾಹ್ನ ದೊಡ್ಡಕ್ಕ ಕೈಯಲ್ಲಿದ್ದ ಶೀಟನ್ನು ಮೇಜಿನ ಮೇಲಿಟ್ಟಳು.

“ಮೇಸ್ತ್ರಿ ಹತ್ರ ಹೋಗ್ತೀನಿ. ಕಿಟಕಿಗೆ ಹಾಕು ಅಂತ ಹೇಳ್ತೀನಿ,” ಎಂದಳು.

ಹೇಳಿ ಅಲ್ಲೇ ನಿಂತಳು. ಹಾಗೆ ನಿಲ್ಲಬೇಕಾದ ಕಾರಣವಿರಲಿಲ್ಲ. ಓರಗಿತ್ತಿ ಏನಾದರೂ ಅಂದಾಳು, ಹುಚ್ಚಾ ನಿನಗೆ ಎಂದು ಬೈದಾಳು, ಏಪ್ರನ್ನಿನ ಚುಂಗು ಹಿಡಿದು ಜಗ್ಗಿಯಾಳು ಎಂದು ಅವಳ ಮನಸ್ಸು ಕಾಯುತ್ತಿತ್ತು. ಓರಗಿತ್ತಿ ಜಗ್ಗಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು. ಜೊತೆಗೇ, ಅವಳಿಗೇ ತಿಳಿಯದ ಹಾಗೆ, ಒಂದು ಉದ್ದನೆಯ ಉಸಿರು ಅವಳ ಎದೆಯಿಂದ ಹೊರಗೆ ಬಂತು. ಎಷ್ಟೋ ದಿನದಿಂದ ಹೊತ್ತ ಮೂಟೆಯನ್ನು ಇಳಿಸಿದವರು ಬಿಡುವ ಉಸಿರು ಅದು. ಕಿವಿಯವರೆಗೆ ಏರಿದ್ದ ಭುಜಗಳು ಮೆಲ್ಲಗೆ ಕೆಳಗಿಳಿದವು. ದೊಡ್ಡಕ್ಕ ಅದನ್ನು ನೋಡಿದಳು. ನೋಡಿದಮೇಲೆ ನಿಂತಿರಲು ಇನ್ನೇನೂ ಉಳಿದಿರಲಿಲ್ಲ.

ಮೂಟೆ ಕಿಟಕಿಯಲ್ಲಿ ಮೊದಲ ದಿನ ಅವಳಿಗೆ ವಾಸನೆ ತಡೆಯದೆ ಎರಡು ಸಲ ಹೊರಗೆ ಹೋಗಬೇಕಾಯಿತು. ಮೂಗಿಗೆ ಬಟ್ಟೆ ಕಟ್ಟಿಕೊಂಡಳು. ಕುರ್ಚಿ ಚೆನ್ನಾಗಿತ್ತು. ಮೊಣಕಾಲಿಗೆ ಕುರ್ಚಿ ಬೇಕಾಗಿಯೇ ಇರಲಿಲ್ಲ ಈಗ, ಆದರೂ ಕೂತಳು. ಶೀಟು ಬೇರೆ, ದಿಂಬಿನ ಚೀಲ ಬೇರೆ. ಅವಳ ಮಾತಿಗೆ ನಗುವವರು ಅಲ್ಲಿ ಯಾರೂ ಇರಲಿಲ್ಲ. ತನ್ನ ಹೊತ್ತಿಗೆ ಡಬ್ಬಿ ತೆಗೆದು ಹಿತ್ತಿಲಿನ ಗೋಡೆಯ ಕಡೆ ಮುಖಮಾಡಿ, ಒಂದೊಂದು ಚಮಚವನ್ನೂ ಹಿಟ್ಟಾಗುವವರೆಗೆ ಅಗಿದು, ನುಂಗಿ, ಮುಚ್ಚಿಟ್ಟಳು.

ಸಂಜೆ ಇಬ್ಬರೂ ಎಂದಿನ ಹಾಗೆ ಒಟ್ಟಿಗೇ ಬಸ್ ಹತ್ತಿದರು. ಹಿಂದೆ ಒಂದು ಸೀಟಿನಲ್ಲಿ ದೊಡ್ಡಕ್ಕ ಒಬ್ಬಳೇ ಕೂತರೆ ಪಕ್ಕದಲ್ಲಿ ಜಾಗ ಉಳಿಯುತ್ತಿರಲಿಲ್ಲ, ಓರಗಿತ್ತಿ ಕಂಬ ಹಿಡಿದು ನಿಲ್ಲುತ್ತಿದ್ದಳು. ಈಗ ಇಬ್ಬರೂ ಪಕ್ಕಪಕ್ಕ ಕೂತರು. ಬಸ್ಸು ಹೊರಟಿತು. ಆಮೇಲೆ ದೊಡ್ಡಕ್ಕನೇ ಕೇಳಿದಳು, ಹೊಸಬಳು ಹೇಗೆ ಎಂದು.

“ಪರವಾಗಿಲ್ಲ ಅಕ್ಕ,” ಎಂದಳು ಓರಗಿತ್ತಿ. “ಕೊಡವೋವಾಗ ಎಡಗಡೆ ಮೂಲೆ ಜಾರಿಸಿಬಿಡ್ತಾಳೆ.”

ದೊಡ್ಡಕ್ಕ ತನ್ನ ಸೆರಗಿನ ಮೂಲೆ ಹಿಡಿದು ತೋರಿಸಿದಳು.

“ಹೆಬ್ಬೆರಳು ಒಳಗೆ ಹಾಕಿ ಹಿಡಿಯೋಕೆ ಹೇಳು,” ಎಂದಳು. “ಮೇಲಿಂದ ಹಿಡಿದ್ರೆ ಜಾರತ್ತೆ. ನಾಳೆ ನೀನೇ ಪಕ್ಕದಲ್ಲಿ ನಿಂತು ತೋರಿಸಿಕೊಡು.”